ರೈತನ ಮಗ ಗ್ರೆಗರ್ ಮೆಂಡೆಲ್

ನಗರವಾಸಿಗಳಾದ ನಾವು ಬಟಾಣಿಯನ್ನು ಪೇಟೆಯಿಂದ ತಂದು, ಸುಲಿದು, ಅಡಿಗೆಗೆ ಹಾಕುತ್ತೇವೆ; ಅದರ ಕಾಳುಗಳನ್ನು ಎಣಿಸಬೇಕೆಂದು ನಮಗೆ ತೋರುವುದಿಲ್ಲ. ಹಾಗೆ ಎಣಿಸಿ, ಸೃಷ್ಟಿಯ ಒಂದು ಗುಟ್ಟನ್ನು ಬಯಲಿಗೆ ತಂದವನು ಒಬ್ಬ ಬಡ ರೈತನ ಮಗ.

ಯೊಹಾನ್ ಮೆಂಡೆಲನು 1822ರ ಜುಲೈ ತಿಂಗಳಲ್ಲಿ, ಅಂದಿನ ಆಸ್ಟ್ರಿಯ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ ಹುಟ್ಟಿದನು. ಆ ಹಳ್ಳಿ ಈಗ ಚೆಕ್ ದೇಶದಲ್ಲಿದೆ. ತಂದೆ ಆಂಟನನಿಗೆ ಸಣ್ಣದೊಂದು ಹಿಡುವಳಿಯಿದ್ದಿತು. ಆದರೆ ವಾರದಲ್ಲಿ ಮೂರು ದಿನ ಒಡೆಯನ ಭೂಮಿಯಲ್ಲಿ ಬಿಟ್ಟಿ ದುಡಿಯಬೇಕಾಗಿದ್ದಿತು. ತನ್ನ ಉಳುಮೆ, ಬಿತ್ತನೆ, ಕೊಯ್ಲುಗಳೆಲ್ಲವೂ ಉಳಿದ ದಿನಗಳಲ್ಲಿಯೇ ಮುಗಿಯಬೇಕು. ಇಷ್ಟಾದರೂ ಹಣ್ಣಿನ ಗಿಡಗಳೆಂದರೆ ಆಂಟನನಿಗೆ ಬಲು ಅಕ್ಕರೆ. ಊರ ಪಾದ್ರಿಯಿಂದ ಒಳ್ಳೆಯ ಜಾತಿಯ ಕಡ್ಡಿಗಳನ್ನು ಪಡೆದು ಕಸಿ ಕಟ್ಟುತ್ತಿದ್ದನು. ಮಗನು ಆ ಕೈಕೆಲಸವನ್ನು ತಂದೆಯಿಂದ ಕಲಿತನು. ಹಣ್ಣಿನ ತೋಟಗಾರಿಕೆ, ಜೇನುಸಾಕಣೆಗಳನ್ನು ಊರ ಶಾಲೆಯಲ್ಲಿಯೂ ಕಲಿಸುತ್ತಿದ್ದರು.

1834ರಲ್ಲಿ ಬಾಲಕನು ದೂರದ ಪಟ್ಟಣದ ಪ್ರೌಢಶಾಲೆಯನ್ನು ಸೇರಿದನು. ಪೂರ್ತಿ ಊಟದ ಹಣವನ್ನು ತೆರುವ ಶಕ್ತಿ ಮನೆಯವರಿಗಿರಲಿಲ್ಲ. ಅರೆಯೂಟಕ್ಕೆ ಹಣ ಕೊಟ್ಟು, ಊರಿನಿಂದ ಗಾಡಿಯಲ್ಲಿ ರೊಟ್ಟಿ ಬೆಣ್ಣೆಗಳನ್ನು ಕಳುಹಿಸುತ್ತಿದ್ದರು. 1838ರಲ್ಲಿ ಬಿಟ್ಟಿ ಕೆಲಸದ ವೇಳೆಯಲ್ಲಿಯೇ ಮರದ ದಿಮ್ಮಿಯೊಂದು ಬಿದ್ದು ಆಂಟನನ ಎದೆ ಜಖಂಗೊಂಡಿತು. ಅವನು ಮುಂದೆ ಮೊದಲಿನಂತೆ ದುಡಿಯಲಾರದೆ ಹೋದನು. ಇದ್ದೊಬ್ಬ ಮಗನು ಊರಿಗೆ ಮರಳಿ ನೇಗಿಲು ಹಿಡಿಯಬೇಕೇ, ಓದನ್ನು ಮುಂದುವರಿಸಬೇಕೇ? ಕೊನೆಗೆ 1841ರಲ್ಲಿ ಹೊಲವನ್ನು ಹಿರಿಯ ಅಳಿಯನಿಗೆ ಮಾರಿದರು. ಕಿರಿಯ ಮಗಳು ಥೆರೇಸಿಯಾ ತನ್ನ ಬಳುವಳಿಯ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು.

1843ರಲ್ಲಿ ಮೆಂಡೆಲನು ಬ್ರನೋ ನಗರದ ಕ್ರೈಸ್ತ ಮಠವನ್ನು ಸೇರಿ ಗ್ರೆಗರ್ ಎಂಬ ಹೆಸರನ್ನು ಪಡೆದನು. ಅಲ್ಲಿಯೂ ಅವನೊಳಗಿನ ರೈತನು ಸುಮ್ಮನಿರಲಿಲ್ಲ. 1856ರಿಂದ 1863ರವರೆಗೆ ಮಠದ ಚಿಕ್ಕ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿದನು. ಅರಳದ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಕಿತ್ತು, ಬೇರೊಂದು ಗಿಡದ ಪರಾಗವನ್ನು ತನ್ನ ಕೈಯಿಂದಲೇ ಅದಕ್ಕೆ ಮುಟ್ಟಿಸುತ್ತಿದ್ದನು. ಹೀಗೆ ದುಂಡುಕಾಳಿನ ಜಾತಿಯನ್ನು ಸುಕ್ಕುಕಾಳಿನ ಜಾತಿಯೊಡನೆ ಕೂಡಿಸಿದಾಗ ಮೊದಲನೆಯ ತಲೆಮಾರಿನ ಕಾಳುಗಳೆಲ್ಲ ದುಂಡಗಾದವು. ಎರಡನೆಯ ತಲೆಮಾರಿನಲ್ಲಿ 5,474 ದುಂಡು, 1,850 ಸುಕ್ಕು. ಎಂದರೆ ಮೂರಕ್ಕೆ ಒಂದರಂತೆ. ಮರೆಯಾದ ಗುಣವು ಅಳಿದಿರಲಿಲ್ಲ, ಅಡಗಿದ್ದಿತು ಅಷ್ಟೆ.

ಇದನ್ನು ಅವನು 1865ರಲ್ಲಿ ವಿದ್ವಾಂಸರ ಸಭೆಯಲ್ಲಿ ಓದಿದನು, ಮರುವರ್ಷ ಅಚ್ಚಾಯಿತು. ಆದರೆ ಅದರ ಬೆಲೆಯನ್ನರಿತವರು ಯಾರೂ ಇರಲಿಲ್ಲ. 1884ರಲ್ಲಿ ಅವನು ತೀರಿಕೊಂಡನು. ಜಗತ್ತು ಎಚ್ಚೆತ್ತುದು 1900ರಲ್ಲಿ.

ಲೋಕವು ಅವನನ್ನು ಮರೆತಿದ್ದರೂ ಅವನು ತಂಗಿಯನ್ನು ಮರೆಯಲಿಲ್ಲ. ಅವಳ ಮೂವರು ಗಂಡುಮಕ್ಕಳ ಓದಿಗೆ ನೆರವಾದನು. ಅವರಲ್ಲಿ ಇಬ್ಬರು ವೈದ್ಯರಾದರು. ವಿದ್ಯಾರ್ಥಿಗಳೇ, ನಿಮ್ಮ ಪುಸ್ತಕದ ಹಿಂದೆಯೂ ಊರಿನ ಯಾವುದೋ ಹೊಲದ ಬೆವರು, ಮನೆಯಲ್ಲಿ ಯಾರೋ ಬಿಟ್ಟುಕೊಟ್ಟ ಪಾಲು ಇರಬಹುದು. ಅದು ಯಾರದೆಂದು ಇಂದು ಮನೆಯಲ್ಲಿ ಕೇಳಿ ತಿಳಿಯಿರಿ.