ನರಕೋಶಗಳ ಚಿತ್ರಗಾರ ಕಹಾಲ್

ಸ್ಪೇನ್ ದೇಶದ ಪೆತಿಲ್ಯಾ ಎಂಬ ಕುಗ್ರಾಮದಲ್ಲಿ 1852ರ ಮೇ 1ರಂದು ಸಾಂತಿಯಾಗೊ ರಾಮೋನ್ ಇ ಕಹಾಲ್ ಜನಿಸಿದನು. ತಂದೆ ಶಸ್ತ್ರವೈದ್ಯ, ಬಹು ಕಟ್ಟುನಿಟ್ಟಿನವನು. ಮಗನಿಗೋ ಚಿತ್ರ ಬರೆಯುವ ಹುಚ್ಚು. ಹನ್ನೊಂದನೆಯ ವಯಸ್ಸಿನಲ್ಲಿ ಕಟ್ಟಿಗೆಯ ತೋಪು ಮಾಡಿ ನೆರೆಯವನ ಬಾಗಿಲನ್ನೇ ಹಾರಿಸಿ ಕೆಲವು ದಿನ ಸೆರೆಮನೆಯನ್ನೂ ಕಂಡನು! ಬೇಸತ್ತ ತಂದೆ ಅವನನ್ನು ಕ್ಷೌರಿಕನ ಬಳಿ, ಚಮ್ಮಾರನ ಬಳಿ ಕೆಲಸಕ್ಕೆ ಹಚ್ಚಿದನು. ಕೊನೆಗೆ ಸ್ಮಶಾನಕ್ಕೆ ಕರೆದೊಯ್ದು, ಎಲುಬುಗಳನ್ನು ತೋರಿಸಿ, ಅವುಗಳ ಚಿತ್ರ ಬರೆಯಿಸಿದನು. ಬಣ್ಣ-ಕುಂಚ ಕಸಿದುಕೊಂಡಾಗ ಆಗದ ಕೆಲಸ ಇದರಿಂದ ಆಯಿತೆಂಬುದನ್ನು ಪಾಲಕರೂ ಗಮನಿಸಬಹುದು.

1873ರಲ್ಲಿ ವೈದ್ಯಪದವಿ ಪಡೆದು, ಸೈನ್ಯ ಸೇರಿ ಕ್ಯೂಬಾಕ್ಕೆ ಹೋದನು. ಮಲೇರಿಯಾದಿಂದ ಸೊರಗಿ ಮರಳಿದನು. ಉಳಿಸಿದ ಹಣದಲ್ಲಿ ಸ್ವಂತ ಸೂಕ್ಷ್ಮದರ್ಶಕ ಕೊಂಡನು.

ಮೆದುಳೆಂದರೆ ಎಲ್ಲಿಯೂ ಕಡಿವಡೆಯದ ಒಂದೇ ಬಲೆ ಎಂಬುದು ಆಗಿನ ಬಹುಜನ ಪಂಡಿತರ ಮತ. ಇಟಲಿಯ ಗಾಲ್ಜಿ 1873ರಲ್ಲಿ, ಬೆಳ್ಳಿಯ ಲವಣದಿಂದ ಕೆಲವೇ ನರಕೋಶಗಳು ಕಪ್ಪಾಗಿ ಎದ್ದು ಕಾಣುವ ವಿಧಾನವನ್ನು ಪ್ರಕಟಿಸಿದ್ದನು. 1887ರಲ್ಲಿ ಅದನ್ನು ಕಂಡ ಕಹಾಲ್ ಬಲಿತ ಮೆದುಳನ್ನು ಬಿಟ್ಟು, ತತ್ತಿಯೊಳಗಿನ ಮರಿಗಳ, ಎಳೆಯ ಪ್ರಾಣಿಗಳ ಮೆದುಳನ್ನು ಆರಿಸಿಕೊಂಡನು. ನಮ್ಮ ಜತ್ತ ಭಾಗದ ದ್ರಾಕ್ಷಿ ತೋಟವನ್ನು ನೆನೆಯಿರಿ. ಚಪ್ಪರ ತುಂಬಿದ ಮೇಲೆ ಯಾವ ಕುಡಿ ಯಾವ ಬೊಡ್ಡೆಯದೆಂದು ಹೇಳಲಾಗದು. ಹೊಸದಾಗಿ ನಾಟಿದಾಗ ಒಂದೊಂದು ಬಳ್ಳಿಯೂ ಬೇರೆ. ಎಳೆಯ ಮೆದುಳಿನಲ್ಲಿಯೂ ಕೋಶಗಳು ಹಾಗೆ ಬಿಡಿಬಿಡಿಯಾಗಿ ಕಂಡವು. ಒಂದರ ಎಳೆ ಇನ್ನೊಂದರ ಹತ್ತಿರ ಬಂದು ಮುಗಿಯುತ್ತದೆ, ಅದರಲ್ಲಿ ಬೆರೆಯುವುದಿಲ್ಲ. ಸಂದೇಶವು ಕವಲುಗಳಿಂದ ಒಳಬಂದು ಉದ್ದನೆಯ ಎಳೆಯಿಂದ ಹೊರಹೋಗುತ್ತದೆಂದು ಅವನು ತರ್ಕಿಸಿದನು.

1888ರಲ್ಲಿ ಬಾರ್ಸಿಲೋನಾದಲ್ಲಿ ಸ್ವಂತ ಖರ್ಚಿನಿಂದ ಪತ್ರಿಕೆ ಅಚ್ಚು ಹಾಕಿಸಿ ಪರದೇಶದ ವಿದ್ವಾಂಸರಿಗೆ ಕಳಿಸಿದನು. ಸ್ಪಾನಿಷ್ ಓದುವವರು ಯಾರು? 1889ರಲ್ಲಿ ತನ್ನ ಗಾಜಿನ ಪಟ್ಟಿಗಳನ್ನು ಕಟ್ಟಿಕೊಂಡು ಬರ್ಲಿನ್ನಿಗೇ ಹೋದನು. ಹಿರಿಯ ವಿಜ್ಞಾನಿ ಕೋಲಿಕರ್ ನೋಡಿ ಒಪ್ಪಿದನು. 1906ರ ನೊಬೆಲ್ ಬಹುಮಾನ ಗಾಲ್ಜಿ, ಕಹಾಲ್ ಇಬ್ಬರಿಗೂ ಹಂಚಿ ಬಂತು. ವಿಚಿತ್ರವೆಂದರೆ, ಬಹುಮಾನದ ಭಾಷಣದಲ್ಲಿಯೇ ಗಾಲ್ಜಿ ಕಹಾಲನ ಮತವನ್ನು ಅಲ್ಲಗಳೆದನು! 1934ರ ಅಕ್ಟೋಬರ್ 17ರಂದು ಕಹಾಲ್ ಮಾದ್ರಿದ್‌ನಲ್ಲಿ ತೀರಿಕೊಂಡನು. ಕೋಶಗಳ ನಡುವಿನ ಸಂದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜೀಬ್ರಾ ಮೀನಿನ ಮರಿಗಳ ಮೇಲೆ ಈ ಶೋಧ ಮುಂದುವರಿದಿದೆ. ಅದು ನಮ್ಮ ದೇಶದ ಹಳ್ಳಗಳದೇ ಮೀನು. ಮರಿಯ ಮೈ ಗಾಜಿನಂತೆ ಪಾರದರ್ಶಕ. ಕಹಾಲ್ ಹಕ್ಕಿಯ ಕಿರುಮೆದುಳಿನಲ್ಲಿ ಕಂಡು ಬರೆದ ಪರ್ಕಿಂಜೆ ಕೋಶಗಳನ್ನು ಅಲ್ಲಿ ಜೀವಂತ ಮರಿಯಲ್ಲಿಯೇ, ಅವು ಕೆಲಸ ಮಾಡುತ್ತಿರುವಾಗಲೇ ಪರೀಕ್ಷಿಸುತ್ತಾರೆ.