ಅರಮನೆಯ ಪಿಯಾನೊ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಜನರಿಗೆ ಹಾರ್ಮೋನಿಯಂ ಅಪರಿಚಿತ ವಾದ್ಯವಲ್ಲ. ಬಯಲಾಟದ ರಾತ್ರಿಗಳಲ್ಲಿ ಅದರ ನಾದವನ್ನು ಕೇಳದವರು ವಿರಳ. ಅದರಂತೆಯೇ ಕಪ್ಪು ಬಿಳುಪು ಪಟ್ಟಿಗಳುಳ್ಳ, ಆದರೆ ಗಾಳಿಯ ಬದಲು ತಂತಿಗಳಿಂದ ನುಡಿಯುವ ವಾದ್ಯ ಪಿಯಾನೊ. ಈ ಸೀಮೆಯನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನದ ರಾಜಕುಮಾರರೊಬ್ಬರು ಅದಕ್ಕೆ ಮನಸೋತಿದ್ದರು. ಅವರೇ ಜಯಚಾಮರಾಜೇಂದ್ರ ಒಡೆಯರು.

1919ರ ಜುಲೈ 18ರಂದು ಜನಿಸಿದ ಅವರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಏಕೈಕ ಪುತ್ರರು. ಬಾಲ್ಯದಲ್ಲಿಯೇ ಅವರ ಪಿಯಾನೊ ಪಾಠ ಮೊದಲಾಯಿತು.

ಈ ವಿದ್ಯೆ ಸುಲಭಸಾಧ್ಯವಲ್ಲ. ಎಂಬತ್ತೆಂಟು ಪಟ್ಟಿಗಳು ಎದುರಿಗೆ ಸಾಲಾಗಿ ನಿಂತಾಗ ಹೊಸಬನಿಗೆ ದಿಕ್ಕು ತೋಚದು. ದಿಟ್ಟಿಸಿ ನೋಡಿದರೆ, ಕಪ್ಪು ಪಟ್ಟಿಗಳು ಒಮ್ಮೆ ಎರಡರ, ಒಮ್ಮೆ ಮೂರರ ಗುಂಪಾಗಿ ನಿಂತಿರುವುದು ತಿಳಿಯುತ್ತದೆ. ಎರಡರ ಗುಂಪಿಗೆ ಎಡಗಡೆ ತಗುಲಿದ ಬಿಳಿಯ ಪಟ್ಟಿಯನ್ನು ಗುರುತಿಟ್ಟುಕೊಂಡರೆ ಸಪ್ತಸ್ವರಗಳ ಬೀದಿ ಅಲ್ಲಿಂದ ತೆರೆದುಕೊಳ್ಳುತ್ತದೆ. ಪುಸ್ತಕದಲ್ಲಾದರೋ ಐದೈದು ಗೆರೆಗಳ ಮೇಲೆ ಸ್ವರಗಳು ತಂತಿಯ ಮೇಲಿನ ಗುಬ್ಬಿಗಳಂತೆ ಕುಳಿತಿರುತ್ತವೆ. ಆ ಚಿತ್ರವನ್ನು ಕಣ್ಣು ಗ್ರಹಿಸಬೇಕು, ಮನಸ್ಸು ಹಿಡಿದಿಡಬೇಕು, ಎರಡು ಕೈಗಳೂ ಬೇರೆ ಬೇರೆಯಾಗಿ ನಡೆಯಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚಿನ ಹೂವು ಮಗ್ಗದ ಮೇಲೆ ಅರಳುವ ಮೊದಲೇ ನೇಕಾರನ ಮನಸ್ಸಿನಲ್ಲಿ ಅರಳಿರುವುದಿಲ್ಲವೇ? ಇದೂ ಅಂತಹುದೇ ಸಾಧನೆ.

ಈ ಸಾಧನೆಯಲ್ಲಿ ರಾಜಕುಮಾರರು ಬಹುದೂರ ನಡೆದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ಸಂದಿತು. ಸಭೆಗಳಲ್ಲಿ ನುಡಿಸುವ ವಾದಕರಾಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆಯೂ, ಆಗಸ್ಟಿನಲ್ಲಿ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನವನ್ನೇರಿದ ಅರಸನಿಗೆ ವಾದಕನ ಬಾಳು ಎಲ್ಲಿಯದು?

ಹಂಬಲ ಮಾತ್ರ ಬತ್ತಲಿಲ್ಲ. ಅದು ಬೇರೆ ಕಾಲುವೆಗಳಲ್ಲಿ ಹರಿಯಿತು. ವೀಣೆ ವೆಂಕಟಗಿರಿಯಪ್ಪನವರಿಂದ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರ ಸಾನ್ನಿಧ್ಯ ದೊರೆಯಿತು. ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ಅತ್ತ ಲಂಡನ್ನಿನಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಅವರ ಬೆರಳುಗಳಿಂದಲೇ ಧ್ವನಿಮುದ್ರಿತವಾಗುವಂತೆ ಧನವನ್ನೊದಗಿಸಿದರು. ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೆಟ್ನರ್ ಅವರು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು.

1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಮೊಳಗಿದುದೂ ಒಡೆಯರ ಧನಸಹಾಯದಿಂದಲೇ. ಅಂದು ಅವರು ಆ ಸಭೆಯಲ್ಲಿರಲಿಲ್ಲ. ಅವರಿಗಾಗಿ ಆ ಗಾಯನವನ್ನು ತಟ್ಟೆಗಳ ಮೇಲೆ ಮುದ್ರಿಸಿ, ಕಡಲಾಚೆಯಿಂದ ಮೈಸೂರಿಗೆ ಕಳುಹಿಸಿಕೊಡಬೇಕಾಯಿತು.