ವಿಮಾನದಲ್ಲಿ ಹಿಮ್ಮುಖ ಸೀಟು ಸುರಕ್ಷಿತವೇ? ತಮ್ಮ ಮೈಮೇಲೇ ಪರೀಕ್ಷಿಸಿಕೊಂಡ ಡಾ. ಸ್ಟ್ಯಾಪ್

ವಿಮಾನದ ಸೀಟುಗಳು ಬಾಲದ ಕಡೆಗೆ ಮುಖ ಮಾಡಿದ್ದರೆ ಅಪಘಾತದಲ್ಲಿ ಹೆಚ್ಚು ಜನ ಬದುಕುತ್ತಾರೆ, ಕಂಪನಿಗಳು ಈ ಸತ್ಯವನ್ನು ಮುಚ್ಚಿಟ್ಟಿವೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜದ ಹಿಂದೆ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ಅವರ ಸಾಹಸವಿದೆ.

ಸ್ಟ್ಯಾಪ್ ಹುಟ್ಟಿದ್ದು 1910ರಲ್ಲಿ, ಬ್ರೆಜಿಲ್‌ನಲ್ಲಿ. 1928ರಲ್ಲಿ, ಬೆಂಕಿಯಲ್ಲಿ ಸುಟ್ಟುಕೊಂಡ ಬಂಧುಗಳ ಮಗುವೊಂದರ ಆರೈಕೆ ಮಾಡಿದರು. ಮಗು ಉಳಿಯಲಿಲ್ಲ. ಅದರಿಂದಲೇ ವೈದ್ಯರಾಗಬೇಕೆಂದು ನಿಶ್ಚಯಿಸಿದರು. 1944ರಲ್ಲಿ ವೈದ್ಯ ಪದವಿ ಪಡೆದು ಸೇನೆ ಸೇರಿದರು.

ದೇಹದ ತೂಕದ 18 ಪಟ್ಟಿಗಿಂತ ಹೆಚ್ಚಿನ ಬಲ ಬಿದ್ದರೆ ಮನುಷ್ಯ ಬದುಕುವುದಿಲ್ಲ ಎಂದು ಆಗ ನಂಬಿದ್ದರು. ಇದನ್ನು ಪರೀಕ್ಷಿಸಲು ಹಳಿಗಳ ಮೇಲೆ ರಾಕೆಟ್ ಬಂಡಿ ಓಡಿಸಿ, ಗಕ್ಕನೆ ನಿಲ್ಲಿಸುವ ಪ್ರಯೋಗ ಶುರುವಾಯಿತು. ಮೊದಲು ಬೊಂಬೆಯನ್ನು ಕೂರಿಸಿದರು. 1947ರ ಡಿಸೆಂಬರ್‌ನಲ್ಲಿ ಸ್ಟ್ಯಾಪ್ ಅವರೇ ಹಿಮ್ಮುಖವಾಗಿ ಕುಳಿತರು. ಮುಂದೆ 20ಕ್ಕೂ ಹೆಚ್ಚು ಬಾರಿ ಬಂಡಿ ಏರಿದರು. ಪಕ್ಕೆಲುಬು, ಮಣಿಕಟ್ಟು ಮುರಿದವು.

1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದಲ್ಲಿ ಗಂಟೆಗೆ 1,017 ಕಿ.ಮೀ. ವೇಗ ಮುಟ್ಟಿದ ಬಂಡಿ ಸುಮಾರು 1.4 ಸೆಕೆಂಡಿನಲ್ಲಿ ನಿಂತಿತು. ಅವರ ಮೈಮೇಲೆ ತೂಕದ 46 ಪಟ್ಟು ಬಲ ಬಿತ್ತು. ಕಣ್ಣಿನ ರಕ್ತನಾಳಗಳು ಒಡೆದು ಕೆಲಹೊತ್ತು ಏನೂ ಕಾಣಲಿಲ್ಲ. ಆದರೂ ಬದುಕಿದರು, ದೃಷ್ಟಿಯೂ ಮರಳಿತು.

ಹಿಮ್ಮುಖ ಸೀಟಿನ ಲಾಭವೇನು?

ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ಮುಂದಕ್ಕೆ ಮುಖ ಮಾಡಿದವರು ಎದುರಿನ ಕಂಬಿಗೆ ಬಡಿಯುತ್ತಾರೆ. ಚಾಲಕನ ಕಡೆಗೆ ಬೆನ್ನು ಮಾಡಿ ಕೂತವರು ಸೀಟಿಗೆ ಒತ್ತಿಕೊಳ್ಳುತ್ತಾರೆ, ಅಷ್ಟೇ. ಬಲ ಇಡೀ ಬೆನ್ನಿಗೆ ಹಂಚಿಹೋಗುತ್ತದೆ, ತಲೆ ಮತ್ತು ಕುತ್ತಿಗೆಗೆ ಆಸರೆ ಸಿಗುತ್ತದೆ. ಕಾರಿನಲ್ಲಿ ಎಳೆಮಕ್ಕಳ ಸೀಟನ್ನು ಹಿಮ್ಮುಖವಾಗಿ ಇಡುವುದೂ ಇದಕ್ಕೇ. ಸಾರಿಗೆ ವಿಮಾನಗಳಲ್ಲಿ ಇಂಥ ಸೀಟು ಬೇಕೆಂದು ಸ್ಟ್ಯಾಪ್ ವಾದಿಸಿದರು. ಅಮೆರಿಕ ಮತ್ತು ಬ್ರಿಟನ್‌ನ ವಾಯುಪಡೆಗಳು ಕೆಲವು ವಿಮಾನಗಳಲ್ಲಿ ಅಳವಡಿಸಿದವು ಕೂಡ.

ಹಾಗಾದರೆ ನಮ್ಮ ವಿಮಾನಗಳಲ್ಲಿ ಏಕಿಲ್ಲ?

ಕಾರಣಗಳೇನೂ ಗುಟ್ಟಲ್ಲ. ಅಪಘಾತದ ಬಲವೆಲ್ಲ ಬೆನ್ನಾಸರೆಯ ಮೇಲೆ ಬೀಳುವುದರಿಂದ ಸೀಟೂ ನೆಲವೂ ಹೆಚ್ಚು ಗಟ್ಟಿಯಾಗಿರಬೇಕು. ಅಂದರೆ ಹೆಚ್ಚು ತೂಕ, ಹೆಚ್ಚು ಇಂಧನ. ವಿಮಾನ ಮೇಲೇರುವಾಗ ಪ್ರಯಾಣಿಕರು ಬೆಲ್ಟಿಗೆ ಜೋತುಬಿದ್ದಂತಾಗುತ್ತದೆ. ಹಲವರಿಗೆ ಅದು ಹಿಡಿಸುವುದಿಲ್ಲ. ಅಪಘಾತದಲ್ಲಿ ಹಾರಿಬರುವ ಸಾಮಾನು ನೇರ ಮುಖಕ್ಕೇ ಬಡಿಯಬಹುದು. ಆದರೂ ಗಗನಸಖಿಯರ ಕೆಲವು ಸೀಟುಗಳು, ಕೆಲವು ಬಿಸಿನೆಸ್ ಕ್ಲಾಸ್ ಸೀಟುಗಳು ಇಂದಿಗೂ ಹಿಮ್ಮುಖವಾಗಿವೆ.

ಸ್ಟ್ಯಾಪ್ ಮುಂದೆ ಕಾರುಗಳ ಸುರಕ್ಷತೆಗಾಗಿ ದುಡಿದರು. 1955ರಲ್ಲಿ ಅವರು ಆರಂಭಿಸಿದ ಕಾರು ಅಪಘಾತ ಅಧ್ಯಯನದ ಸಮ್ಮೇಳನ ಅವರ ಹೆಸರಿನಲ್ಲೇ ಮುಂದುವರಿಯಿತು. 1966ರಲ್ಲಿ ಅಮೆರಿಕದ ಅಧ್ಯಕ್ಷರು ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದಾಗ ಅವರೂ ಅಲ್ಲಿದ್ದರು. 1999ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಿಮ್ಮುಖ ಸೀಟು ದೇಹಕ್ಕೆ ಹೆಚ್ಚು ಆಸರೆ ಕೊಡುತ್ತದೆ ಎಂಬುದು ನಿಜ. ಕಂಪನಿಗಳು ಅದನ್ನು ಮುಚ್ಚಿಟ್ಟಿವೆ ಎಂಬುದು ಸುಳ್ಳು. ಸೀಟಿನ ದಿಕ್ಕು ನಮ್ಮ ಕೈಯಲ್ಲಿಲ್ಲ. ಬೆಲ್ಟನ್ನು ಸೊಂಟದ ಕೆಳಗೆ ಬಿಗಿಯಾಗಿ ಕಟ್ಟಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.